ಅಡಿಗೆಯ ಉದ್ಯೋಗಕ್ಕೆ ಶಿಕ್ಷಣ

ಅಡಿಗೆಯನ್ನು ಕಲಿಯಲು ವಿದ್ಯಾಲಯವೇಕೆ, ಮನೆಯಲ್ಲಿ ತಾಯಿ ಕಲಿಸಿದ್ದು ಸಾಲದೇ ಎಂದು ಹಿರಿಯರು ಕೇಳುವುದುಂಟು. ಮನೆಯ ಐದಾರು ಮಂದಿಗೆ ಸಾಲುವ ಜಾಣ್ಮೆಯು ಹೋಟೆಲಿನ ಮುನ್ನೂರು ಮಂದಿಗೆ ಸಾಲದೆಂಬುದೇ ಇದಕ್ಕೆ ಉತ್ತರವು. ಅಲ್ಲಿ ಇಂದಿನ ಸಾರು ನಿನ್ನೆಯ ಸಾರಿನಂತೆಯೇ ಇರತಕ್ಕದ್ದು, ಕೈಯಂದಾಜು ನಡೆಯದು.

1954ರಲ್ಲಿ ಮುಂಬಯಿಯಲ್ಲಿ ಇಂತಹ ವಿದ್ಯಾಲಯವನ್ನು ಸ್ಥಾಪಿಸಿದವರು ಲೀಲಾವತಿ ಮುನ್ಷಿಯವರೂ ಅವರ ಜೊತೆಯ ಸ್ತ್ರೀಯರೂ ಎಂಬುದು ಸ್ಮರಣೀಯವು. ಈಗ ಬೆಂಗಳೂರಿನಲ್ಲಿಯೂ ಒಂದುಂಟು.

ಮೊದಲ ಪಾಠವು ಚೂರಿಯದು. ತರಕಾರಿಯ ಹೋಳುಗಳೆಲ್ಲ ಒಂದೇ ಗಾತ್ರದಲ್ಲಿರಬೇಕು. ಇಲ್ಲವಾದರೆ ಸಣ್ಣವು ಕರಗಿದರೂ ದೊಡ್ಡವು ಬೇಯವು. ಅದರ ಬೆನ್ನಿಗೇ ಶುಚಿತ್ವದ ಪಾಠ. ಬಡಿಸುವ ತನಕ ಬಿಸಿ ಪದಾರ್ಥವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆಯೂ ತಣ್ಣಗಿನದನ್ನು 5 ಡಿಗ್ರಿಗಿಂತ ಕೆಳಗೂ ಇಡಬೇಕು. ಯಾಕಂದರೆ ಇವೆರಡರ ನಡುವೆ ರೋಗಾಣುಗಳು ಬೇಗನೆ ವೃದ್ಧಿಯಾಗುವವು. ಹಸಿ ಮಾಂಸವನ್ನು ಕೊಯ್ದ ಹಲಗೆಯ ಮೇಲೆ ಸೌತೆಕಾಯಿ ಹೆಚ್ಚುವುದು ಅಲ್ಲಿ ದೊಡ್ಡ ತಪ್ಪು. ನಮ್ಮ ಮನೆಗಳಲ್ಲಿ ಇದನ್ನು ಎಷ್ಟು ಮಂದಿ ಗಮನಿಸುತ್ತೇವೋ!

ಆದರೆ ಶುಲ್ಕವನ್ನು ಕಟ್ಟುವ ಮುನ್ನ ತಾಯಿತಂದೆಗಳು ಒಂದು ಸಂಗತಿಯನ್ನು ತಿಳಿದಿರಬೇಕು. ಯೋಗ್ಯತಾಪತ್ರ ಪಡೆದ ಮಾತ್ರಕ್ಕೆ ಯಾರೂ ಶೆಫ್ ಆಗರು. ಮೊದಲ ಹುದ್ದೆಯು ಕೆಳಗಿನ ಸಹಾಯಕಿಯದು; ಅದನ್ನು ಫ್ರೆಂಚ್ ಮಾತಿನಲ್ಲಿ ‘ಕೊಮಿ’ ಎನ್ನುವರು. ಅವಳು ಬುಟ್ಟಿಗಟ್ಟಲೆ ಈರುಳ್ಳಿಯನ್ನು ಸುಲಿಯುವಳು, ಎಲುಬಿನ ರಸ ಕುದಿಯುವುದನ್ನು ತಾಸುಗಟ್ಟಲೆ ಕಾಯುವಳು. ಲೋಕವೆಲ್ಲ ಉಣ್ಣುವ ಕ್ರಿಸ್ಮಸ್ ದಿನವೇ ಅವಳಿಗೆ ಹೆಚ್ಚು ದುಡಿಮೆ. ಸಂಬಳವೂ ಆರಂಭದಲ್ಲಿ ಸ್ವಲ್ಪವೇ. ಇದನ್ನು ಕೆಲವು ವರುಷ ತಾಳಿದವಳಿಗೆ ಒಂದು ವಿಭಾಗದ ಹೊಣೆ ದೊರೆಯಬಹುದು. ಹೋಟೆಲನ್ನು ಆರಿಸುವಾಗ, ರಾತ್ರಿಯ ಕೆಲಸ ಮುಗಿದ ಮೇಲೆ ಮನೆಗೆ ಮುಟ್ಟಿಸುವ ವಾಹನವುಂಟೋ ಎಂದು ಮೊದಲೇ ವಿಚಾರಿಸಿರಿ.