ಬಚ್ಚಲ ಒಲೆಯ ತನಕ ತಲುಪಬೇಕಾದ ಪಾಠ

ಕಾಸರಗೋಡು ಸೀಮೆಯ ಹಳ್ಳಿಮನೆಗಳ ಬಚ್ಚಲ ಒಲೆಯಲ್ಲಿ ತೆಂಗಿನ ಮಡಲು, ಗೆರಟೆ, ಅಡಿಕೆಯ ಸೋಗೆ ಉರಿದು ಹಂಡೆಯ ನೀರು ಕಾಯುತ್ತಿತ್ತು. ಉಳಿದ ಬೂದಿ ಬಸಳೆಯ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಹಿರಿಯರ ಆ ಕ್ರಮದಲ್ಲಿ ಎಸೆಯಬೇಕಾದ ವಸ್ತುಗಳೇ ವಿರಳ. ಇಂದು ಅದೇ ಒಲೆಗೆ ಹಾಲಿನ ತೊಟ್ಟೆ, ಬಿಸ್ಕತ್ತಿನ ಹೊದಿಕೆ, ಶಾಂಪೂ ಪೊಟ್ಟಣಗಳೂ ಬೀಳುತ್ತಿವೆ. ಮಂದ ಉರಿಯಲ್ಲಿ ಪ್ಲಾಸ್ಟಿಕ್ ಪೂರ್ತಿಯಾಗಿ ದಹಿಸದೆ ವಿಷಕಾರಿ ಹೊಗೆಯನ್ನು ಉಗುಳುತ್ತದೆ. ಪಿವಿಸಿಯಂತಹ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಉಂಟಾಗುತ್ತದೆ. ವಿಷದ ಅಂಶ ಬೂದಿಯಲ್ಲಿಯೂ ಉಳಿಯುತ್ತದೆ. ಆ ಬೂದಿ ಮತ್ತೆ ಬಸಳೆಯ ಬುಡಕ್ಕೇ ಸೇರುತ್ತದೆ.

ಇದನ್ನು ತಡೆಯಲು ಕಾನೂನಿಲ್ಲವೆಂದಲ್ಲ. ಪರಿಸರದ ರಕ್ಷಣೆ ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ(ಜಿ) ವಿಧಿ ಸಾರುತ್ತದೆ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರ ನವೆಂಬರ್ 22ರಂದು ಸರ್ವೋಚ್ಚ ನ್ಯಾಯಾಲಯವು ಪರಿಸರವನ್ನು ಶಾಲಾ ಕಾಲೇಜುಗಳಲ್ಲಿ ಕಡ್ಡಾಯ ವಿಷಯವಾಗಿ ಕಲಿಸಬೇಕೆಂಬ ನಿಲುವನ್ನು ತಳೆಯಿತು. ಕಸವನ್ನು ಮೂಲದಲ್ಲಿಯೇ ವಿಂಗಡಿಸುವ ಹೊಣೆಯನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯವರಿಗೇ ವಹಿಸಿದವು. ಆದರೆ ಯಾವ ಅಧಿಕಾರಿಯೂ ಪ್ರತಿದಿನ ಬಚ್ಚಲಿಗೆ ಬಂದು ನೋಡಲಾರ. ಅಲ್ಲಿಗೆ ಹೋಗಬಲ್ಲವರು ಮಕ್ಕಳು ಮಾತ್ರ.

ಆದುದರಿಂದ ಪರಿಸರದ ಪಾಠವು ಉತ್ತರಪತ್ರಿಕೆಯಲ್ಲಿ ಕೊನೆಗೊಳ್ಳದೆ ಮನೆಯಲ್ಲಿ ಮುಂದುವರಿಯಬೇಕು. ಒಂದು ವಾರ ಮನೆಯಿಂದ ಹೊರಬೀಳುವ ಕಸವನ್ನು ವಿದ್ಯಾರ್ಥಿಗಳು ಪುಸ್ತಕದಲ್ಲಿ ಬರೆದಿಡಲಿ. ಗಣಿತದ ಅವಧಿಯಲ್ಲಿ ಅದನ್ನು ಲೆಕ್ಕಹಾಕಲಿ. ದಿನಕ್ಕೊಂದೇ ಹಾಲಿನ ತೊಟ್ಟೆಯೆಂದರೂ ಮೂವತ್ತು ಮಕ್ಕಳ ಮನೆಗಳಿಂದ ವರ್ಷಕ್ಕೆ 10,950 ತೊಟ್ಟೆಗಳಾಗುತ್ತವೆ. ಈ ಸಂಖ್ಯೆಯನ್ನು ತಾನೇ ಗುಣಿಸಿ ಕಂಡುಕೊಂಡ ಮಗುವಿಗೆ ಬೇರೆ ಉಪದೇಶದ ಅಗತ್ಯವಿರದು. ತೊಟ್ಟೆಯನ್ನು ತೊಳೆದು ಒಣಗಿಸಿ ಹರಿತ ಕರ್ಮಸೇನೆಯವರಿಗೆ ಒಪ್ಪಿಸುವುದು ಮೊದಲ ಹೆಜ್ಜೆ. ಅಂಗಡಿಗೆ ಬಟ್ಟೆಯ ಚೀಲ ಒಯ್ಯುವುದು, ಮೀನು ತರಲು ಪಾತ್ರೆ ಕೊಂಡೊಯ್ಯುವುದು, ಹುಟ್ಟುಹಬ್ಬಕ್ಕೆ ಹಾಳೆತಟ್ಟೆಯನ್ನೋ ಬಾಳೆಲೆಯನ್ನೋ ಬಳಸುವುದು ಅದಕ್ಕಿಂತಲೂ ಮೇಲು. ವಿಂಗಡಿಸಿದ ಕಸಕ್ಕಿಂತ ಹುಟ್ಟದ ಕಸ ಲೇಸು.

ಗಡಿನಾಡಿನ ಕನ್ನಡ ಶಾಲೆಗಳಿಗೆ ಇಲ್ಲಿ ವಿಶೇಷವಾದ ಹೊಣೆಯೊಂದಿದೆ. ಯಾವ ಕಸವನ್ನು ಯಾವ ದಿನ ಕೊಡಬೇಕೆಂಬ ಸೂಚನೆ ಮಲಯಾಳದಲ್ಲಿ ಮಾತ್ರವಿದ್ದರೆ ಅದನ್ನು ಓದಲಾಗದ ಅಜ್ಜಿಗೆ ಒಲೆಯೇ ಸುಲಭದ ದಾರಿಯಾಗುತ್ತದೆ. ಮಕ್ಕಳು ಆ ಸೂಚನೆಯನ್ನು ಅಧ್ಯಾಪಕರ ನೆರವಿನಿಂದ ಕನ್ನಡಕ್ಕೆ ತಂದು, ದಪ್ಪ ಅಕ್ಷರಗಳಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಲಿ. ಭಾಷೆಯ ಪಾಠವೂ ಪರಿಸರದ ಪಾಠವೂ ಅಲ್ಲಿ ಒಂದಾಗುತ್ತವೆ. ಕನ್ನಡದಲ್ಲಿಯೇ ಸೂಚನಾಪತ್ರ ನೀಡಬೇಕೆಂದು ರಕ್ಷಕ-ಶಿಕ್ಷಕ ಸಂಘಗಳು ಪಂಚಾಯತಿಗೆ ಮನವಿ ಸಲ್ಲಿಸುವುದೂ ಉಚಿತ.

ಆದರೆ ಮಗುವನ್ನು ಮನೆಯ ಪೊಲೀಸನನ್ನಾಗಿ ಮಾಡಬಾರದು. ಒಲೆಗೆ ತೊಟ್ಟೆ ಹಾಕುವ ಅಜ್ಜಿ ತಪ್ಪಿತಸ್ಥೆಯಲ್ಲ. ಏನನ್ನೂ ವ್ಯರ್ಥಮಾಡಬಾರದೆಂಬ ಹಳೆಯ ವಿವೇಕವನ್ನೇ ಆಕೆ ಹೊಸ ವಸ್ತುವಿಗೂ ಅನ್ವಯಿಸುತ್ತಿದ್ದಾಳೆ. “ಅಜ್ಜೀ, ಇದರ ಬೂದಿ ಬಸಳೆಗೆ ಆಗದು” ಎಂದು ಮೊಮ್ಮಗಳು ಕಾರಣ ಸಹಿತ ತಿಳಿಸಿದರೆ ಆ ವಿವೇಕವೇ ಜೊತೆಗೂಡುತ್ತದೆ. ಶಾಲೆಯೂ ತನ್ನ ಅಂಗಳದ ಮೂಲೆಯಲ್ಲಿ ಕಸ ಸುಡುವುದನ್ನು ನಿಲ್ಲಿಸಬೇಕು. ಶಾಲೆಯಲ್ಲಿ ಕಂಡದ್ದನ್ನೇ ಮಗು ಮನೆಗೆ ಒಯ್ಯುತ್ತದೆ.