ಟವರ್ ಕ್ರೇನ್ ಬೀಳುವುದು ಯಾವಾಗ?

ಬೆಂಗಳೂರಿನಂತೆ ಮೇಲಕ್ಕೆ ಬೆಳೆಯುತ್ತಿರುವ ಊರಿನಲ್ಲಿ ಟವರ್ ಕ್ರೇನ್ ಕಂಡವರಿಗೆ ಹುಟ್ಟುವ ಮೊದಲ ಅನುಮಾನ, ಭಾರ ಹೆಚ್ಚಾದರೆ ಅದು ಉರುಳದೇ ಎಂಬುದು. ಈ ಅನುಮಾನಕ್ಕೆ ಎಂಜಿನಿಯರುಗಳು ಎಂದೋ ಪರಿಹಾರ ಕಂಡುಕೊಂಡಿದ್ದಾರೆ. ಕ್ರೇನ್ ತಕ್ಕಡಿಯ ಹಾಗೆ: ಒಂದು ಕಡೆ ಸರಕು ಎತ್ತುವ ಉದ್ದನೆಯ ತೋಳು, ಇನ್ನೊಂದು ಕಡೆ ಕಾಂಕ್ರೀಟ್ ದಿಮ್ಮಿಗಳ ಪ್ರತಿಭಾರ. ಇಲ್ಲಿ ತೂಕದಷ್ಟೇ ದೂರವೂ ಲೆಕ್ಕಕ್ಕೆ ಬರುತ್ತದೆ. ಕಂಬದಿಂದ 60 ಮೀಟರ್ ಆಚೆ ತೂಗುವ 2 ಟನ್ ಕಬ್ಬಿಣವೂ 10 ಮೀಟರ್ ದೂರದಲ್ಲಿ ತೂಗುವ 12 ಟನ್ ಕಬ್ಬಿಣವೂ ಕಂಬವನ್ನು ಬಾಗಿಸುವ ಪರಿಣಾಮ ಒಂದೇ. ತೂಕ ಮತ್ತು ದೂರದ ಈ ಗುಣಲಬ್ಧ ಮಿತಿ ಮೀರಿದರೆ ಎತ್ತುವ ಕೆಲಸ ತಾನಾಗಿ ನಿಲ್ಲುವಂತೆ ಯಂತ್ರದಲ್ಲೇ ಕಡಿವಾಣವಿದೆ.

ಕಡಿವಾಣವಿಲ್ಲದ ಗಳಿಗೆಗಳು ಬೇರೆ: ಕ್ರೇನನ್ನು ಜೋಡಿಸುವಾಗ, ಕಟ್ಟಡದ ಜೊತೆ ಎತ್ತರಿಸುವಾಗ, ಕೊನೆಗೆ ಕಳಚುವಾಗ. 2008ರ ಮಾರ್ಚ್ 15ರಂದು ನ್ಯೂಯಾರ್ಕಿನಲ್ಲಿ ಕ್ರೇನನ್ನು ಎತ್ತರಿಸುವ ಕೆಲಸ ನಡೆದಿತ್ತು. ಕಂಬವನ್ನು ಕಟ್ಟಡಕ್ಕೆ ಬಿಗಿಯುವ ಉಕ್ಕಿನ ಚೌಕಟ್ಟನ್ನು ತೂಗುಹಾಕಿದ್ದ ಪಟ್ಟಿಗಳು ಹರಿದವು. ಕ್ರೇನ್ ಉರುಳಿ ಏಳು ಜನ ಸತ್ತರು. 2019ರ ಏಪ್ರಿಲ್ 27ರಂದು ಸಿಯಾಟಲ್‌ನಲ್ಲಿ ಕ್ರೇನ್ ಕಳಚುವಾಗ ಕಂಬದ ತುಂಡುಗಳನ್ನು ಹಿಡಿದಿಟ್ಟಿದ್ದ ಪಿನ್ನುಗಳನ್ನು ಮುಂಚಿತವಾಗಿಯೇ ತೆಗೆಯಲಾಗಿತ್ತು. ಗಾಳಿ ಬೀಸಿತು, ಕಂಬ ರಸ್ತೆಗೆ ಬಿತ್ತು. ಸತ್ತ ನಾಲ್ವರಲ್ಲಿ ಇಬ್ಬರು ಕೆಳಗೆ ಕಾರಿನಲ್ಲಿದ್ದವರು. ಎರಡೂ ಕಡೆ ಕ್ರೇನ್ ಅತಿಭಾರ ಎತ್ತಿ ಬೀಳಲಿಲ್ಲ.

ಎರಡು ಉದಾಹರಣೆಗಳಿಂದ ನಿಯಮ ಕಟ್ಟಬಹುದೇ ಎಂದು ಕೇಳಬಹುದು. ಅತಿಭಾರದಿಂದಲೂ ಕ್ರೇನುಗಳು ಬಿದ್ದಿವೆ, ನಿಜ. ಆದರೆ ಕಡಿವಾಣ ಸರಿಯಿದ್ದರೆ ಆ ಅಪಾಯವನ್ನು ಯಂತ್ರವೇ ತಡೆಯುತ್ತದೆ. ಪಿನ್ ಯಾವಾಗ ತೆಗೆಯಬೇಕು, ಹಳೆಯ ಪಟ್ಟಿ ಬಳಸಬಹುದೇ ಎಂಬುದನ್ನು ಮಾತ್ರ ಮನುಷ್ಯನೇ ನಿರ್ಧರಿಸಬೇಕು. ಗಾಳಿಯನ್ನೇ ಹೊಣೆ ಮಾಡುವವರೂ ಇದ್ದಾರೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದೂ ಸತ್ಯವೇ. ಅದಕ್ಕೆಂದೇ ಕೆಲಸ ಮುಗಿದ ಮೇಲೆ ತೋಳು ತಿರುಗುವ ಬ್ರೇಕನ್ನು ಸಡಿಲಬಿಡುತ್ತಾರೆ. ತೋಳು ಗಾಳಿಗೆ ಎದುರು ನಿಲ್ಲದೆ ಅದರ ದಿಕ್ಕಿಗೆ ತಿರುಗಿಕೊಳ್ಳುತ್ತದೆ. ಸರಿಯಾಗಿ ಜೋಡಿಸಿದ ಕ್ರೇನ್ ಬಿರುಗಾಳಿಯನ್ನೂ ತಾಳುವಂತೆ ರಚಿತವಾಗಿರುತ್ತದೆ. ಪಿನ್ ಕಳಚಿದ ಕಂಬಕ್ಕೆ ಆ ಶಕ್ತಿಯಿಲ್ಲ.

ಆದ್ದರಿಂದ ನಗರದ ಸುರಕ್ಷತೆಗೆ ಬೇಕಾದದ್ದು ಇನ್ನೂ ಗಟ್ಟಿ ಕ್ರೇನಲ್ಲ, ಅದನ್ನು ಜೋಡಿಸಿ ಕಳಚುವ ದಿನಗಳ ಮೇಲೆ ಬಿಗಿ ನಿಗಾ. ಏಪ್ರಿಲ್, ಮೇ ತಿಂಗಳ ಸಂಜೆ ದಿಢೀರನೆ ಗಾಳಿಮಳೆ ಎರಗುವ ಬೆಂಗಳೂರಿನಲ್ಲಿ ಇಂಥ ಕೆಲಸಕ್ಕೆ ಹವಾಮಾನ ಮುನ್ಸೂಚನೆ ನೋಡಿಯೇ ಗಂಟೆ ಗೊತ್ತುಮಾಡಬೇಕು. ಕೆಲಸ ಮುಗಿಯುವವರೆಗೆ ಕೆಳಗಿನ ರಸ್ತೆಯಲ್ಲಿ ಜನಸಂಚಾರ ನಿಲ್ಲಿಸಬೇಕು. ಇದರಿಂದ ವಾಹನ ಸವಾರರಿಗೆ ಕೆಲವು ಗಂಟೆ ತೊಂದರೆಯಾದೀತು. ಆ ತೊಂದರೆಯನ್ನು ಒಪ್ಪಿಕೊಳ್ಳುವುದೇ ವಿವೇಕ.