ಹ್ಯಾಂಡಲ್ ಇಂಜಿನ್ನಿನ ಸಂಸಾರ

ಹಿರೀಸಾವೆ ಕಡೆ ಹೊಳೆಯಿಲ್ಲ. ತೆಂಗಿನ ಗಿಡಕ್ಕೆ ಬಾವಿ ಗತಿ, ಕರೆಂಟು ಕಾಣದ ತೋಟದ ಬಾವಿಗೆ ಡೀಸೆಲ್ ಇಂಜಿನ್ ಗತಿ. ನಮ್ಮದನ್ನು ತಾತ ಸೆಕೆಂಡ್ ಹ್ಯಾಂಡ್ ತಂದದ್ದು. ಹೆಸರಿನ ತಗಡು ಸವೆದುಹೋಗಿದ್ದರಿಂದ ಬೈಯುವಾಗ ಕಂಪನಿಯನ್ನು ಸೇರಿಸಿಕೊಳ್ಳುವ ಸುಖವೂ ಇರಲಿಲ್ಲ.

ಈ ಜಾತಿಯ ಇಂಜಿನ್ನುಗಳ ಮುತ್ತಾತ ಇಂಗ್ಲೆಂಡಿನ ಲಿಸ್ಟರ್: ಒಂದು ಸಿಲಿಂಡರು, ಎರಡು ಫ್ಲೈವೀಲು, ನಿಮಿಷಕ್ಕೆ 650 ಸುತ್ತು. ಅದರ ಅಚ್ಚಿನಲ್ಲೇ ರಾಜ್‌ಕೋಟ್‌ನ ಕಾರ್ಖಾನೆಗಳು ಇಂಜಿನ್ ಎರಕ ಹೊಯ್ದವು. ನಮ್ಮ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ ಕಂಪನಿಯನ್ನೇ ಶುರುಮಾಡಿತು.

ನಮ್ಮ ಇಂಜಿನ್ ಶುರುಮಾಡುವುದಕ್ಕೆ ಮನೆಮಂದಿಯೆಲ್ಲ ಬೇಕು. ಬುಡದಲ್ಲಿ ನೀರು ತಡೆಯುವ ಫುಟ್‌ವಾಲ್ವ್ ಸೋರಿ ಪೈಪು ರಾತ್ರಿಯೇ ಬರಿದಾಗಿರುತ್ತಿತ್ತು. ತಾತ ಬಕೆಟ್ಟಿನಲ್ಲಿ ಸಗಣಿ ಕದಡಿ ಪಂಪಿನ ಬಾಯಿಗೆ ಹುಯ್ಯುತ್ತಿದ್ದರು; ಸಗಣಿ ಸಂದಿಗೆ ಮೆತ್ತಿಕೊಂಡರೆ ನೀರು ನಿಲ್ಲುತ್ತದೆ. ನಾನು ಇಂಜಿನ್ನಿನ ಲಿವರ್ ಎತ್ತಿ ಹಿಡಿಯಬೇಕು. ಅಪ್ಪ ಹ್ಯಾಂಡಲ್ ಹೊಡೆದು ವೀಲಿಗೆ ವೇಗ ಬಂದಾಗ "ಬಿಡ್ಲಾ!" ಅಂದರೆ ಬಿಡಬೇಕು. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು, ಮಿಕ್ಕ ಬೆರಳುಗಳ ಪಕ್ಕಕ್ಕೇ ಇಡಬೇಕು. ಇಂಜಿನ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತದೆ.

ಬಹುತೇಕ ದಿನ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. "ಗಾಳಿ ತಕ್ಕಂಡದೆ," ಅಂತ ಅಪ್ಪ ಡೀಸೆಲ್ ಪೈಪಿನ ನಟ್ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕಾಯುವರು. ಪಂಪು ಎಳೆದ ನೀರಿನಲ್ಲೇ ಇಂಜಿನ್ ತಣ್ಣಗಾಗಬೇಕಾದ್ದರಿಂದ, ನೀರು ನಿಂತರೆ ಅದೂ ಕಾದು ನಿಲ್ಲುತ್ತಿತ್ತು. ಒಂದರ ರೋಗ ಇನ್ನೊಂದಕ್ಕೆ.

ಬೇಸಿಗೆಯ ಪಾಡು ಬೇರೆ. ಪಂಪು ಸುಮಾರು 25 ಅಡಿಗಿಂತ ಆಳದ ನೀರನ್ನು ಎಳೆಯಲಾರದು. ನೀರು ಇಳಿದ ಹಾಗೆ ಇಂಜಿನ್ನನ್ನೂ ಹಗ್ಗ ಕಟ್ಟಿ ಬಾವಿಯೊಳಗಿನ ಅಟ್ಟಕ್ಕೆ ಇಳಿಸಬೇಕು. ಹೊಗೆ ಬಾವಿಯಲ್ಲೇ ಸುತ್ತುತ್ತಿತ್ತು; ಅದನ್ನು ಅಪಾಯ ಅಂತ ಆಗ ಯಾರೂ ಹೇಳಲಿಲ್ಲ, ನನಗೆ ಈಗ ಎದೆ ನಡುಗುತ್ತದೆ.

ಅಜ್ಜಿ ಮಾತ್ರ ಅಡುಗೆಮನೆ ಬಿಟ್ಟು ಬಂದವಳಲ್ಲ. ಸದ್ದು ಹಗುರಾದರೆ ಸಾಕು, ಒಲೆ ಮುಂದಿನಿಂದಲೇ ಕೂಗುವಳು: "ನೀರ್ ಬಿಟ್ಬುಡ್ತು, ಹೋಗ್ ನೋಡ್ರಲಾ!" ತಪ್ಪಿದ್ದೇ ಇಲ್ಲ.

ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದಾಗ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆಯಾಯಿತು. ಆಮೇಲೆ ಬಾವಿ ಬತ್ತಿತು, ಬೋರ್ ಬಂತು. ನೆಲದಾಳದ ಮೋಟರು ಸದ್ದು ಮಾಡುವುದಿಲ್ಲ. ಗುಂಡಿ ಒತ್ತಿ ಬಂದವರನ್ನೆಲ್ಲ ಅಜ್ಜಿ ಕೊನೆಯವರೆಗೂ ಕೇಳುತ್ತಿದ್ದಳು: "ಆನಾಗದೇನ್ಲಾ?"